ದಪ್ಪ ಇದ್ದವರಿಗೆ ಜ್ವರ ತಡೆಯುವ ಶಕ್ತಿ ಜಾಸ್ತಿ ಅಲ್ವಾ?

"ಡಾಕ್ಟ್ರೇ, ಮೈಯಲ್ಲಿ ನಾಲ್ಕು ಕೇಜಿ ಜಾಸ್ತಿ ಇದ್ರೆ ಜ್ವರ ತಡ್ಕೊಳ್ಳೋಕೆ ಒಳ್ಳೇದೇ ಅಲ್ವಾ?" ಮಳೆಗಾಲ ಶುರುವಾದರೆ ಶಿರಸಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಹೆಚ್ಚಾಗಿ ತೂಕದ ಯಂತ್ರ ಕಂಡರೆ ಮುಖ ಸಣ್ಣ ಮಾಡುವವರು.

ಒಳ್ಳೇದಲ್ಲ. 2009ರಲ್ಲಿ ಎಚ್1ಎನ್1 (ಹಂದಿ ಜ್ವರ) ಬಂದಾಗಲೇ ಇದು ಎದ್ದು ಕಂಡಿತ್ತು. ಐಸಿಯು ಸೇರಿದವರಲ್ಲಿ ಬೊಜ್ಜಿನವರು ಜಾಸ್ತಿ ಇದ್ದರು. 2020ರಲ್ಲಿ ಕೊರೊನಾದಲ್ಲೂ ಅದೇ ಕಥೆ.

ಬೊಜ್ಜು ಸುಮ್ನೆ ಕೂತಿರುವುದಿಲ್ಲ. ಕರುಳಿನ ಸುತ್ತ ಸೇರಿದ ಕೊಬ್ಬಿನ ಕೋಶಗಳು ಉಬ್ಬಿ ಉಬ್ಬಿ ಕೆಲವು ಸಾಯುತ್ತವೆ. ಅವನ್ನು ತೆಗೆಯಲು ಬಂದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಅಲ್ಲೇ ಠಿಕಾಣಿ ಹೂಡುತ್ತವೆ. ಐಎಲ್-6, ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕಗಳು ಹಗಲು ರಾತ್ರಿ ರಕ್ತಕ್ಕೆ ಜಿನುಗುತ್ತವೆ. ನೋವಿಲ್ಲ, ಜ್ವರವಿಲ್ಲ, ಗೊತ್ತೇ ಆಗುವುದಿಲ್ಲ.

ಮಂಗ ಇರಲಿ ಬಿಡಲಿ, ತೋಟದಲ್ಲಿ ದಿನವಿಡೀ ಪಟಾಕಿ ಹೊಡೆಯುತ್ತಿದ್ದರೆ, ನಿಜವಾಗಿ ಹಿಂಡು ನುಗ್ಗಿದ ದಿನ ಆ ಸದ್ದಿಗೆ ಯಾರು ಎದ್ದು ಬರುತ್ತಾರೆ? ಬೊಜ್ಜಿನವರ ಮೈಯ ರಕ್ಷಣೆಯದ್ದೂ ಇದೇ ಪಾಡು. ವೈರಸ್ ಹೊಕ್ಕ ಕೂಡಲೇ ಕೋಶಗಳು ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ರಾಸಾಯನಿಕ ಬಿಟ್ಟು ಅಕ್ಕಪಕ್ಕದವನ್ನು ಎಚ್ಚರಿಸಬೇಕು. ಬೊಜ್ಜಿನವರಲ್ಲಿ ಇದು ತಡ, ಸಪ್ಪೆ. ಅಷ್ಟರಲ್ಲಿ ವೈರಸ್ ಬೆಳೆದಿರುತ್ತದೆ. ಆಮೇಲೆ ಉರಿಯೂತ ಒಮ್ಮೆಲೇ ಅತಿಯಾಗಿ ಶ್ವಾಸಕೋಶವನ್ನೇ ಕೆಡಿಸುತ್ತದೆ. ಫ್ಲೂ ಲಸಿಕೆಯ ಪ್ರತಿಕಾಯವೂ ಇವರಲ್ಲಿ ಬೇಗ ಇಳಿಯುತ್ತದೆ. ಹಾಗಂತ ಲಸಿಕೆ ಬಿಡಬೇಡಿ, ಮೊದಲು ಹಾಕಿಸಬೇಕಾದವರೇ ಇವರು.

(ಮಂಗನ ಮಾತು ಬಂತು ಅಂತ ಹೇಳುತ್ತೇನೆ: ಮಂಗನ ಕಾಯಿಲೆಯ ಉಣುಗು ಕಚ್ಚುವಾಗ ದಪ್ಪ, ಸಣ್ಣ ನೋಡುವುದಿಲ್ಲ. ಸಿದ್ದಾಪುರ ಕಡೆಯವರು ಉಣುಗು ದೂರ ಇಡುವ ಡೆಪಾ ಎಣ್ಣೆ ಹಚ್ಚದೆ ಕಾಡಿಗೆ ಹೋಗಬೇಡಿ.)

ಭಾರದ್ದೂ ಒಂದು ಪಾಲಿದೆ. ಅಂಗಾತ ಮಲಗಿದರೆ ಹೊಟ್ಟೆ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಮೇಲಕ್ಕೆ ತಳ್ಳುತ್ತದೆ, ಶ್ವಾಸಕೋಶದ ಕೆಳಭಾಗ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ಕೂತಾಗ 95 ತೋರಿಸಿದ ಆಕ್ಸಿಮೀಟರ್ ಮಲಗಿದಾಗ 91ಕ್ಕೆ ಇಳಿದದ್ದನ್ನು ನೋಡಿದ್ದೇನೆ.

"ನಾನೆಲ್ಲಿ ದಪ್ಪ?" ಅನ್ನುವವರೂ ಇದ್ದಾರೆ. ಕೈಕಾಲು ಕಡ್ಡಿ, ಪಂಚೆಯ ಮೇಲೆ ಹೊಟ್ಟೆ! ಭಾರತೀಯರಿಗೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 25 ಆದರೇ ಬೊಜ್ಜು. ನನಗೆ ಟೇಪಿನ ಮೇಲೆ ನಂಬಿಕೆ ಜಾಸ್ತಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ಟೇಪ್ ತೆಗೆದ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವವರೇ ಎಲ್ಲ.

80 ಕೇಜಿಯವರು ನಾಲ್ಕರಿಂದ ಎಂಟು ಕೇಜಿ ಇಳಿಸಿದರೂ ರಕ್ತದಲ್ಲಿ ಉರಿಯೂತ ಕಡಿಮೆಯಾಗುತ್ತದೆ. ಕಷಾಯ ಕುಡಿಯಿರಿ, ಬೇಡ ಅನ್ನುವುದಿಲ್ಲ, ಬೆಲ್ಲ ಕಡಿಮೆ ಹಾಕಿ. ಆದರೆ ಜ್ವರದ ಜೊತೆ ಏದುಸಿರು ಬಂದರೆ ಕಷಾಯ ನಂಬಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಬನ್ನಿ.