ಬೆರ್ಗಾಮೊದಿಂದ ಭುವನೇಶ್ವರಕ್ಕೆ

ನಿನ್ನೆ ರಾತ್ರಿ ಇಲಿಯಾನಾ ಚಿತಾರಿಸ್ತಿ ಅವರ ಒಡಿಸ್ಸಿ ನೃತ್ಯದ ವಿಡಿಯೊ ನೋಡುತ್ತಾ ಕುಳಿತಿದ್ದೆ. ಮುಗಿದ ಮೇಲೂ ಕಣ್ಣಿನಿಂದ ಹೋಗಲಿಲ್ಲ.

ಇಟಲಿಯ ಬೆರ್ಗಾಮೊದಲ್ಲಿ ಹುಟ್ಟಿ, ಯುರೋಪಿನ ಪ್ರಾಯೋಗಿಕ ರಂಗಭೂಮಿಯಲ್ಲಿ ಪಳಗಿ, ಮೊದಲು ಕಥಕಳಿಯ ಸೆಳೆತಕ್ಕೆ ಕೇರಳಕ್ಕೆ ಬಂದವರು. 1979ರಲ್ಲಿ ಒಡಿಶಾ ಸೇರಿ ಗುರು ಕೇಲುಚರಣ ಮಹಾಪಾತ್ರರ ಶಿಷ್ಯೆಯಾದರು, ಅಲ್ಲೇ ಬೇರೂರಿದರು. ‘ಯುಗಾಂತ್’ ಚಿತ್ರದ ನೃತ್ಯ ಸಂಯೋಜನೆಗೆ ರಾಷ್ಟ್ರಪ್ರಶಸ್ತಿ, 2006ರಲ್ಲಿ ಪದ್ಮಶ್ರೀ ಬಂದವು.

ಪ್ರಶಸ್ತಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಪೂರ್ವ ಭಾರತದ ಸಮರಕಲೆಯ ಛಾಯೆಯಿರುವ ನೃತ್ಯವಾದ ಛಾವ್‌ನ ಅವರ ಕಲಿಕೆ. ಗುರು ಹರಿ ನಾಯಕ್ ಅವರ ಬಳಿ ಮಯೂರ್‌ಭಂಜ್ ಛಾವ್ ಕಲಿತರು. ಮುಖವಾಡವಿಲ್ಲದ ಈ ಪ್ರಕಾರದಲ್ಲಿ ‘ಉಫ್ಲಿ’ ಎಂಬ ಚಲನೆಗಳಿವೆ: ನೆಲ ಸಾರಿಸುವುದು, ಅರಿಶಿನ ಅರೆಯುವುದು, ಹೀಗೆ ಕೈ ಮಾಡುವ ಮನೆಗೆಲಸವನ್ನೆಲ್ಲ ಇಲ್ಲಿ ಕಾಲು ಅಭಿನಯಿಸುತ್ತದೆ! ಅಂಥ ಅಂಗಳದಲ್ಲಿ ಆಡಿ ಬೆಳೆಯದವರಿಗೆ ಆ ನೆನಪು ಮೈಗೆ ಹತ್ತುವುದು ಹೇಗೆ? ಎಳೆಯ ವಯಸ್ಸಿನಲ್ಲೇ ರೂಢಿಸುವ ಚೌಕ, ತ್ರಿಭಂಗಿ ಎಂಬ ಒಡಿಸ್ಸಿಯ ಮೂಲ ನಿಲುವುಗಳಿಗೆ ಬಲಿತ ಮಂಡಿ, ಸೊಂಟಗಳನ್ನು ಒಗ್ಗಿಸಲು ಎಷ್ಟು ಬೆಳಗುಗಳು ಬೇಕಾಗಿರಬೇಕು?

‘ವಿದೇಶಿಯಾದರೂ ಎಷ್ಟು ಚೆನ್ನಾಗಿ ಕುಣಿಯುತ್ತಾರೆ’ ಎನ್ನುವ ಹೊಗಳಿಕೆ ನನಗೆ ಹಿಡಿಸುವುದಿಲ್ಲ. ಆ ‘ಆದರೂ’ ಅವರ ನಾಲ್ಕು ದಶಕಗಳ ದುಡಿಮೆಯನ್ನು ಕುಗ್ಗಿಸುತ್ತದೆ. ಅವರು 1996ರಲ್ಲಿ ಭುವನೇಶ್ವರದಲ್ಲಿ ‘ಆರ್ಟ್ ವಿಷನ್’ ಸಂಸ್ಥೆ ಕಟ್ಟಿ ಒಡಿಶಾದ ಮಕ್ಕಳಿಗೇ ನೃತ್ಯ ಕಲಿಸಿದವರು; ತಮ್ಮ ಗುರುವಿನ ಜೀವನಚರಿತ್ರೆ ಬರೆದವರು.

ಇವತ್ತು ಸಂಜೆ ಆ ವಿಡಿಯೊವನ್ನು ಮತ್ತೊಮ್ಮೆ ನೋಡುತ್ತೇನೆ, ಈ ಸಲ ಪಾದಗಳನ್ನು ಮಾತ್ರ.