ಎಂಟು ದಿನ ಕಾದ ತೋಮಸರು

ಜುಲೈ 3 ಯೇಸುಸ್ವಾಮಿಯ ಹನ್ನೆರಡು ಶಿಷ್ಯರಲ್ಲಿ ಒಬ್ಬರಾದ ಪ್ರೇಷಿತ ಸಂತ ತೋಮಸರ ಹಬ್ಬ. ಈ ಸಲ ಹಬ್ಬದ ಹೊತ್ತಿಗೆ ಚೆನ್ನೈನ ಸಾಂತೋಮ್ ದೇವಾಲಯಕ್ಕೆ ಹೋಗಿಬರುವ ಭಾಗ್ಯ ಸಿಕ್ಕಿತು. ಅವರ ಸಮಾಧಿಯ ಮುಂದೆ ಮೊಣಕಾಲೂರಿದಾಗಿನಿಂದ ಒಂದೇ ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಈ ಸಂತರಿಗೆ ನಾವು ನ್ಯಾಯ ಮಾಡಿಲ್ಲ.

ಈಸ್ಟರ್ ಆದ ಮುಂದಿನ ಭಾನುವಾರ ಪ್ರತಿ ವರ್ಷ ಪೂಜೆಯಲ್ಲಿ ಬೈಬಲಿನ ಯೊವಾನ್ನರ ಶುಭಸಂದೇಶದ 20ನೇ ಅಧ್ಯಾಯ ಓದುತ್ತಾರೆ. ಶಿಲುಬೆಯಲ್ಲಿ ಸತ್ತ ಯೇಸುಸ್ವಾಮಿ ಎದ್ದುಬಂದು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮಸರು ಅಲ್ಲಿರಲಿಲ್ಲ. ಮೊಳೆಯ ಗಾಯದಲ್ಲಿ ಬೆರಳಿಡಬೇಕು, ಪಕ್ಕೆಯಲ್ಲಿ ಕೈಯಿಡಬೇಕು, ಇಲ್ಲದಿದ್ದರೆ ನಂಬುವುದಿಲ್ಲ ಅಂತ ತೋಮಸರು ಹಟ ಹಿಡಿದ ಭಾಗ. ಪೂಜೆ ಮುಗಿಸಿ ಹೊರಗೆ ಬಂದವರು ಮಕ್ಕಳಿಗೆ ಹೇಳುವುದು ಒಂದೇ: "ತೋಮಸನ ಹಾಗೆ ಆಗಬೇಡ." ಆದರೆ ಉಳಿದ ಹತ್ತು ಮಂದಿ ಏನು ಮಾಡಿದ್ದರು? ಸಮಾಧಿ ಬರಿದಾಗಿದೆ ಅಂತ ಹೆಂಗಸರು ಓಡಿಬಂದು ಹೇಳಿದಾಗ ಅವರೂ ನಂಬಲಿಲ್ಲ. ಯೇಸುಸ್ವಾಮಿಯೇ ಬಂದು ಕೈ ತೋರಿಸಿ, ಪಕ್ಕೆ ತೋರಿಸಿದ ಮೇಲೆ ಅವರಿಗೆ ಸಂತೋಷವಾಯಿತು. ತೋಮಸರು ಕೇಳಿದ್ದೂ ಅದನ್ನೇ ಅಲ್ವಾ? ಜಾಸ್ತಿ ಏನೂ ಕೇಳಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸುವುದು ನಡುವಿನ ಎಂಟು ದಿನ. ಹತ್ತು ಜನ "ಪ್ರಭುವನ್ನು ಕಂಡೆವು" ಅಂತ ಸಂಭ್ರಮದಲ್ಲಿದ್ದಾರೆ. ಒಬ್ಬರು ಮಾತ್ರ ನಂಬುತ್ತಿಲ್ಲ. ಆದರೂ ಅವರು ಎದ್ದು ಹೋಗಲಿಲ್ಲ. "ನಿನಗೆ ನಂಬಿಕೆ ಇಲ್ಲ, ಹೊರಗೆ ನಡಿ" ಅಂತ ಉಳಿದವರೂ ಅನ್ನಲಿಲ್ಲ. ಮುಂದಿನ ವಾರ ಸ್ವಾಮಿ ಬಂದಾಗ ತೋಮಸರು ಅವರ ಜೊತೆಯಲ್ಲೇ ಇದ್ದರು. ಹೊರಗೆ ಹೋಗಿದ್ದರೆ ಆ ದರ್ಶನ ತಪ್ಪುತ್ತಿತ್ತು.

ಸ್ವಾಮಿ ಬೈಯಲು ಶುರುಮಾಡಲಿಲ್ಲ. ಮೊದಲು ಎಲ್ಲರಿಗೂ ಶಾಂತಿ ಹೇಳಿದರು. ಆಮೇಲೆ ತೋಮಸರ ಕಡೆ ತಿರುಗಿ, ಅವರು ಆಡಿದ್ದ ಮಾತನ್ನೇ ತೆಗೆದುಕೊಂಡು, ಬೆರಳನ್ನು ಇಲ್ಲಿ ಇಡು ಅಂದರು. ಚಿತ್ರಕಾರ ಕಾರವಾಜಿಯೋ ಗಾಯದೊಳಗೆ ಬೆರಳು ಹೋಗಿರುವ ಹಾಗೆ ಬರೆದಿದ್ದಾನೆ. ಶುಭಸಂದೇಶದಲ್ಲಿ ಮುಟ್ಟಿದರು ಅನ್ನುವ ಮಾತೇ ಇಲ್ಲ. ಇರುವುದು "ನನ್ನ ಪ್ರಭುವೇ, ನನ್ನ ದೇವರೇ!" ಎಂಬ ಉದ್ಗಾರ. ನಾಲ್ಕು ಶುಭಸಂದೇಶ ಹುಡುಕಿದರೂ ಇಷ್ಟು ನೇರವಾಗಿ ಯೇಸುವನ್ನು ದೇವರೇ ಅಂತ ಕರೆದ ಇನ್ನೊಬ್ಬ ಶಿಷ್ಯರು ಸಿಗುವುದಿಲ್ಲ. ಯೇಸು ಸಾಯುವ ಹಿಂದಿನ ರಾತ್ರಿಯ ಕಡೆಯ ಭೋಜನದಲ್ಲೂ ಇವರು ಬಾಯಿ ಬಿಟ್ಟಿದ್ದರು. ನೀವು ಎಲ್ಲಿಗೆ ಹೋಗುತ್ತೀರೋ ನಮಗೆ ಗೊತ್ತಿಲ್ಲ, ದಾರಿ ಹೇಗೆ ಗೊತ್ತಾಗಬೇಕು ಅಂತ ಕೇಳಿದರು. "ನಾನೇ ಮಾರ್ಗ, ಸತ್ಯ, ಜೀವ" ಎಂಬ ವಾಕ್ಯವನ್ನು ಎಷ್ಟೋ ಮನೆಗಳಲ್ಲಿ ಬಾಗಿಲ ಮೇಲೆ ಹಾಕಿಕೊಂಡಿದ್ದೇವೆ. ಅದು ತೋಮಸರ ಪ್ರಶ್ನೆಗೆ ಬಂದ ಉತ್ತರ.

ಆ ಉದ್ಗಾರ ನನಗೆ ನಮ್ಮ ಅಜ್ಜಿಯ ದನಿಯಲ್ಲೇ ಕೇಳಿಸುತ್ತದೆ. ಗುರುಗಳು ಪರಮಪ್ರಸಾದ ಎತ್ತಿ ಹಿಡಿದಾಗ, ಗಂಟೆಯ ಸದ್ದಿನ ಜೊತೆಗೆ, ಅಜ್ಜಿ ಅದನ್ನು ಮೆಲ್ಲಗೆ ಹೇಳುತ್ತಿದ್ದರು. ನಮ್ಮ ಚಿಕ್ಕಪ್ಪ ಚಿಕ್ಕ ವಯಸ್ಸಿನಲ್ಲೇ ಜ್ವರ ಬಂದು ತೀರಿಕೊಂಡರು. ಆಮೇಲೆ ಬಹಳ ಕಾಲ ಅಜ್ಜಿ ಪೂಜೆಯಲ್ಲಿ ಬಾಯೇ ಬಿಡುತ್ತಿರಲಿಲ್ಲ. ಹಾಡಿಲ್ಲ, ವಿಶ್ವಾಸ ಪ್ರಮಾಣ ಇಲ್ಲ. ಸೆರಗಿನ ಕೆಳಗೆ ಜಪಸರ ಇರುತ್ತಿತ್ತು. ಹೆಬ್ಬೆರಳು ಒಂದೇ ಮಣಿಯ ಮೇಲೆ ನಿಂತಿರುತ್ತಿತ್ತು, ಮುಂದಕ್ಕೆ ಸರಿಯುತ್ತಿರಲಿಲ್ಲ. ಮಣಿಯನ್ನು ಎಷ್ಟು ಒತ್ತಿ ಹಿಡಿಯುತ್ತಿದ್ದರೆಂದರೆ ಉಗುರು ಬೆಳ್ಳಗಾಗುತ್ತಿತ್ತು. ಪಕ್ಕದಲ್ಲಿ ಕೂತ ನಾನು ಪೂಜೆ ಬಿಟ್ಟು ಆ ಉಗುರನ್ನೇ ನೋಡುತ್ತಿದ್ದೆ. ದೇವರನ್ನು ಪ್ರಶ್ನೆ ಮಾಡಬಾರದು ಕಣಮ್ಮ ಅಂತ ಯಾರೋ ಸಮಾಧಾನ ಹೇಳಲು ಬಂದರು. "ಯಾಕೆ ಅಂತ ಅವನನ್ನ ಬಿಟ್ಟು ಇನ್ಯಾರನ್ನ ಕೇಳ್ಲಿ? ಹೇಳೋವರ್ಗೂ ಇಲ್ಲೇ ಕೂತಿರ್ತೀನಿ" ಅಂದರು ಅಜ್ಜಿ. ಒಂದು ಭಾನುವಾರವೂ ತಪ್ಪಿಸಲಿಲ್ಲ. ಎಲ್ಲಕ್ಕೂ ಮೌನವಾಗಿದ್ದರೂ ಗಂಟೆ ಬಾರಿಸಿದಾಗ ಮಾತ್ರ ಆ ನಾಲ್ಕು ಮಾತು ಬರುತ್ತಿತ್ತು.

ಮದರ್ ತೆರೇಸಾ ತೀರಿಕೊಂಡ 10 ವರ್ಷದ ನಂತರ, 2007ರಲ್ಲಿ, ಅವರ ಪತ್ರಗಳು ಅಚ್ಚಾದವು. ಸುಮಾರು ಅರ್ಧ ಶತಮಾನ ಅವರ ಪ್ರಾರ್ಥನೆಯಲ್ಲಿ ಕತ್ತಲೆಯೇ ತುಂಬಿತ್ತು ಅಂತ ಓದಿ ಎಷ್ಟೋ ಜನ ಗಾಬರಿಯಾದರು. ನನಗೆ ಅಜ್ಜಿ ನೆನಪಾದರು. 2016ರಲ್ಲಿ ಧರ್ಮಸಭೆ ಆ ಪತ್ರಗಳನ್ನು ಬರೆದ ತಾಯಿಯನ್ನೇ ಸಂತರೆಂದು ಸಾರಿತು. ಬೈಬಲಿನ 88ನೇ ಕೀರ್ತನೆಯೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನು ಧರ್ಮಸಭೆ ತೆಗೆದುಹಾಕಲಿಲ್ಲ. ಗುರುಗಳು, ಕನ್ಯಾಸ್ತ್ರೀಯರು ಶುಕ್ರವಾರ ಮಲಗುವ ಮುಂಚೆ ಹೇಳುವ ಪ್ರಾರ್ಥನೆ ಅದು.

ಇಷ್ಟೆಲ್ಲಾ ಇಟ್ಟುಕೊಂಡು ನಾವು ಮಕ್ಕಳ ಬಾಯಿ ಯಾಕೆ ಮುಚ್ಚಿಸುತ್ತೇವೆ? ಜ್ಞಾನೋಪದೇಶದ ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ "ಸುಮ್ನೆ ಕೂತ್ಕೋ" ಅನ್ನುತ್ತೇವೆ. ಅವನು ಸುಮ್ಮನೆ ಕೂರುತ್ತಾನೆ. ದೃಢೀಕರಣ ಎಂಬ ಸಂಸ್ಕಾರ ಆದ ಮೇಲೆ ಬರುವುದನ್ನೇ ಬಿಡುತ್ತಾನೆ. ಕಾಲ ಕೆಟ್ಟಿತು, ಮೊಬೈಲ್ ಬಂತು ಅಂತ ನಾವು ಗೊಣಗುತ್ತೇವೆ. ಆ ಪ್ರಶ್ನೆಯ ಹತ್ತಿರ ಎಂಟು ದಿನ ಕೂರುವ ತಾಳ್ಮೆ ನಮಗಿತ್ತೇ?

ಚೆನ್ನೈಗೆ ಅಣ್ಣನ ಮಗಳೂ ಬಂದಿದ್ದಳು. ಕಾಲೇಜು ಹುಡುಗಿ, ಈಚೆಗೆ ಪೂಜೆಗೆ ಬರುವುದು ಅಪರೂಪ. ಸಮಾಧಿ ನೋಡಿ, "ಅತ್ತೆ, ಇವರ ಮೂಳೆಗಳು ಇಟಲಿಯಲ್ಲಿವೆ ಅಂತಾರಲ್ಲ, ಮತ್ತೆ ಇಲ್ಲೇನಿದೆ?" ಅಂತ ಕೇಳಿಬಿಟ್ಟಳು. ಸುತ್ತಲಿದ್ದವರು ತಿರುಗಿ ನೋಡಿದರು. ನನಗೆ ತಿಳಿದಷ್ಟು ಹೇಳಿದೆ. ಕ್ರಿ.ಶ. 52ರಲ್ಲಿ ಕೇರಳದ ತೀರಕ್ಕೆ ಬಂದರು, 72ರಲ್ಲಿ ಇಲ್ಲಿ ರಕ್ತಸಾಕ್ಷಿಯಾದರು ಅನ್ನುವುದು ನಮ್ಮ ಪರಂಪರೆ. ಅವಶೇಷಗಳು ಹಿಂದೆಯೇ ಈಗಿನ ಟರ್ಕಿಯಲ್ಲಿರುವ ಎದೆಸ್ಸಾಕ್ಕೆ ಹೋದವು, 1258ರಲ್ಲಿ ಇಟಲಿಯ ಒರ್ತೋನಾ ಸೇರಿದವು ಅನ್ನುತ್ತಾರೆ. ಇದು ಅವರನ್ನು ಮೊದಲು ಹೂಳಿದ ಜಾಗ ಅಂತ ನಂಬಿ ಜನ ನೂರಾರು ವರ್ಷದಿಂದ ಬರುತ್ತಿದ್ದಾರೆ. "ಅದಕ್ಕೆ ಸಾಕ್ಷಿ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ. ಅವಳೂ ಎದ್ದು ಹೋಗಲಿಲ್ಲ.

ವಾಪಸ್ ಬರುವಾಗ ರೈಲಿನಲ್ಲಿ ಇನ್ನೊಂದು ಕೇಳಿದಳು: ಒಳ್ಳೆಯವರಿಗೇ ಯಾಕೆ ಕಷ್ಟ? ಅಜ್ಜಿ ಕೇಳಿದ್ದೂ ಇದನ್ನೇ ಅಂದೆ. "ಮುತ್ತಜ್ಜಿ ಏನು ಕೇಳಿದ್ರು, ಪೂರ್ತಿ ಹೇಳಿ" ಅಂತ ಹತ್ತಿರ ಸರಿದಳು. ಜೋಲಾರಪೇಟೆ ದಾಟಿದರೂ ಮಾತು ಮುಗಿದಿರಲಿಲ್ಲ.