ಫ್ಯಾನ್ ಬಂದ್ ಮಾಡಿದ ನಾಲ್ಕು ನಿಮಿಷ

ರಾಯಚೂರು, ಮಟಮಟ ಮಧ್ಯಾಹ್ನ. ಪಾಡ್‌ಕಾಸ್ಟ್ ರೆಕಾರ್ಡಿಂಗ್.
ಹಳೇ ಕೊಲೆ ಕೇಸಿನ ಮಾತು ತೆಗೆಯೋಕೆ ಮುಂಚೆ ನಿವೃತ್ತ ಹವಾಲ್ದಾರರು ಕೇಳಿದ್ದು ಒಂದೇ: “ಫ್ಯಾನ್ ಬಂದ್ ಮಾಡ್ಲೇಬೇಕೇನ್ರಿ?”
ಮಾಡ್ಲೇಬೇಕ್ರಿ ಸರ.

ಫ್ಯಾನಿನ ಗುಂಯ್ ಸದ್ದು ಮಾತಿನ ಅಡಿಗೇ ಕೂತಿರುತ್ತೆ. ಎಡಿಟಿಂಗಲ್ಲಿ ಒಂದು ವಾಕ್ಯ ಕತ್ತರಿಸಿದರೆ ಸದ್ದೂ ಜಿಗಿಯುತ್ತೆ. ಸದ್ದು ಅಳಿಸೋ ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ದನಿ ಕೊಡದೊಳಗಿಂದ ಬಂದಂಗೆ. ಕಾಲರ್ ಮೈಕ್ ಗದ್ದದಿಂದ ಒಂದು ಗೇಣು ಕೆಳಗೆ, ದನಿಯ ಲೆವೆಲ್ ಮೈನಸ್ 12 ಡಿಬಿ (ಡೆಸಿಬೆಲ್) ಆಸುಪಾಸು. ಕೊನೆಗೆ ಎಲ್ಲರೂ ಬಾಯಿ ಮುಚ್ಚಿ 30 ಸೆಕೆಂಡ್ ಖಾಲಿ ಕೋಣೆಯ ರೆಕಾರ್ಡಿಂಗ್. ಕತ್ತರಿಸಿದ ಜಾಗಕ್ಕೆ ಅದೇ ತೇಪೆ.

ಈ ಬಿಸಿಲಲ್ಲಿ ನಾಲ್ಕು ನಿಮಿಷಕ್ಕೊಂದು ಬ್ರೇಕ್. ಟವೆಲ್, ನೀರು, ಮತ್ತೆ ಶುರು.

ಆರೋಪಿ ಬಗ್ಗೆ ಹವಾಲ್ದಾರರು “ಅವನೇ ಒಪ್ಕೊಂಡಿದ್ದ” ಅಂದ್ರು. ಕೇಳೋಕೆ ಜೋರಾಗಿದೆ. ಆದರೆ ಪೊಲೀಸರ ಮುಂದಿನ ತಪ್ಪೊಪ್ಪಿಗೆಯಿಂದ ಕೋರ್ಟಲ್ಲಿ ಅಪರಾಧ ಸಾಬೀತಾಗಲ್ಲ. ತೀರ್ಪು ಓದದೆ ಅದನ್ನ ಹಾಕಿದರೆ ಖುಲಾಸೆಯಾದವನನ್ನ ನಾವೇ ಕೊಲೆಗಾರ ಮಾಡಿದಂಗೆ. ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಕೇಸಿನ ಗುರುತಾದ 16 ಅಕ್ಷರ-ಅಂಕಿಯ ಸಿಎನ್ಆರ್ ನಂಬರ್ ಹಾಕಿ ನೋಡಬೇಕು. ತೀರಾ ಹಳೇದಾದರೆ ಕೋರ್ಟಿನ ನಕಲು ವಿಭಾಗಕ್ಕೆ ಅರ್ಜಿ, ಆಮೇಲೆ ಅಲೆದಾಟ.

ಅತ್ಯಾಚಾರದ ಕೇಸಾದರೆ ಸಂತ್ರಸ್ತೆಯ ಗುರುತು ಸಿಗೋ ಯಾವ ಮಾತೂ ಬರಂಗಿಲ್ಲ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 72ನೇ ಕಲಂ, 2 ವರ್ಷದವರೆಗೆ ಜೈಲು. ಸಣ್ಣ ಊರಲ್ಲಿ “ಟೇಲರ್ ಮಗಳು” ಅಂದರೂ ಹೆಸರು ಹೇಳಿದಂಗೇ.

ಇವತ್ತಿನ ಖಾಲಿ ಕೋಣೆಯ 22ನೇ ಸೆಕೆಂಡಿಗೆ ಹೊರಗೆ ಕುಲ್ಫಿಯವನ ಗಂಟೆ.
ಮತ್ತೆ 30 ಸೆಕೆಂಡ್. ಹವಾಲ್ದಾರರ ಕಣ್ಣು ಮಾತ್ರ ಫ್ಯಾನಿನ ಸ್ವಿಚ್ ಮೇಲೇ.